ಕೆಂಚಿ ಬಾಯಿ ತೆರೆದ ದಿನ

೧೯೯೬ರ ಬೇಸಿಗೆ. ಇಂಡಿಯ ಹತ್ತಿರ ನಮ್ಮ ಕಾಕಾನ ಹೊಲದಲ್ಲಿ ಆ ಬೆಳಿಗ್ಗೆ ಇದ್ದವರು ಮೂವರೇ: ಕಾಕಾ, ಸಿಂದಗಿಯಲ್ಲಿ ಮಾಸ್ತರನಾಗಿದ್ದು ರಜೆಗೆ ಬಂದಿದ್ದ ನಾನು, ಮತ್ತೆ ಕುರಿಗಾರರ ಮಾಳವ್ವ. ಅವಳ ಗಂಡ ಹಿಂಡು ಹೊಡೆದುಕೊಂಡು ಹಳ್ಳದ ಕಡೆ ಹೋಗಿದ್ದ. ನಿಂಬೆ ತೋಟದ ಪಕ್ಕದ ಖಾಲಿ ಹೊಲದಲ್ಲಿ ಗೊಬ್ಬರಕ್ಕೆಂದು ಕಾಕಾ ಪ್ರತಿ ಬೇಸಿಗೆ ಅವರ ಕುರಿಗಳನ್ನು ರಾತ್ರಿ ತರುಬಿಸಿ ಮಲಗಿಸುತ್ತಿದ್ದರು. ಹಿಂಡಿನ ಜೊತೆ ಕೆಂಚಿ ಎಂಬ ಹೆಣ್ಣು ನಾಯಿಯೂ ಬರುತ್ತಿತ್ತು.

ಆ ಸಲ ಕೆಂಚಿಯ ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಅದರಲ್ಲಿ ರಕ್ತದ ಎಳೆ. ರೊಟ್ಟಿ ಹಾಕಿದರೆ ಮೂಸಿ ಹಿಂದೆ ಸರಿಯಿತು. ನೀರಿಗೆ ಬಾಯಿ ಇಟ್ಟದ್ದೇ ಕುಂಯ್ ಅಂದು ಓಡಿತು. ಅದನ್ನು ನೋಡಿದ ಕಾಕಾ ಬಡಿಗೆ ಕೈಗೆತ್ತಿಕೊಂಡರು.

"ಹುಚ್ಚು ಹಿಡದೈತಿ ಇದಕ್ಕ. ನೀರಿಗೆ ಅಂಜಾಕತ್ತೈತಿ, ಕಾಣಂಗಿಲ್ಲೇನು? ನಾಳೆ ಮೊಮ್ಮಕ್ಕಳು ಬರ್ತಾವು ಇಲ್ಲಿಗೆ. ಮಧ್ಯಾಹ್ನದೊಳಗ ನೀವ ಮುಗಸ್ರಿ, ಇಲ್ಲಾಂದ್ರ ನಾ ಮುಗಸ್ತೇನಿ."

ಕಾಕಾ ಕಲ್ಲೆದೆಯವರಲ್ಲ. ಹುಚ್ಚುನಾಯಿ ಕಚ್ಚಿ ಅವರ ಗೆಳೆಯರೊಬ್ಬರು ಸತ್ತದ್ದನ್ನು ಕಣ್ಣಾರೆ ಕಂಡಿದ್ದರು. ಆದರೆ ಮಾಳವ್ವ ನಾಯಿಗೆ ಅಡ್ಡವಾಗಿ ಕುಳಿತುಬಿಟ್ಟಳು.

"ಮದಲ ನನಗ ಹೊಡೀರಿ ಗೌಡ್ರ. ಆರು ವರ್ಷ ನನ್ನ ಹಿಂಡು ಕಾದೈತಿ ಇದು."

"ಏ ಹುಚ್ಚಿ, ನಿನಗ ಕಚ್ಚಿದ ಮ್ಯಾಲ ತಿಳೀತೈತಿ!"

"ಹುಚ್ಚು ನನಗೋ ನಾಯಿಗೋ, ಒಂದು ಹೇಳ್ರಿ ಮದಲ!"

ನನಗೆ ನಗುವಷ್ಟು ಧೈರ್ಯ ಇರಲಿಲ್ಲ. ಕಾಕಾನ ಸೈಕಲ್ ಹತ್ತಿ ಇಂಡಿಯ ದನದ ದವಾಖಾನೆಗೆ ಓಡಿದೆ. ಡಾಕ್ಟರು ನನ್ನ ಮಾತು ಕೇಳಿ ತಮ್ಮ ಗಾಡಿ ತೆಗೆದರು. ಹೊಲಕ್ಕೆ ಬಂದವರು ದೂರದಲ್ಲೇ ನಿಂತು ಒಂದೇ ಪ್ರಶ್ನೆ ಕೇಳಿದರು.

"ಜೊಲ್ಲು ಯಾವಾಗಿಂದ ಸುರಸಾಕತ್ತೈತಿ?"

"ಹೋಳಿ ಹುಣ್ಣಿವಿ ಹಿಂದಿಂದರೀ," ಅಂದಳು ಮಾಳವ್ವ.

"ಅಂದ್ರ ಎರಡು ತಿಂಗಳಾತು. ಹುಚ್ಚು ಹಿಡದ ನಾಯಿ ಹತ್ತು ದಿನಾನೂ ಬದಕಂಗಿಲ್ರೀ ಗೌಡ್ರ. ಇದು ಬ್ಯಾರೆ ಐತಿ."

ಡಾಕ್ಟರು ರಬ್ಬರಿನ ಕೈಗವಸು ತೊಟ್ಟು ಹತ್ತಿರ ಬಂದರು. ಮಾಳವ್ವ ನಾಯಿಯ ತುಟಿ ಎತ್ತಿದಳು. ಆ ನಾತಕ್ಕೆ ನಾನೂ ಕಾಕಾನೂ ಮೂಗು ಮುಚ್ಚಿದೆವು. ನೀರು ಕಾಯಿಸುವ ಹಂಡೆಯೊಳಗೆ ಬಿಳಿಯ ಪದರ ಕಟ್ಟಿರುತ್ತದಲ್ಲ, ಹಾಗೆ ಹಲ್ಲುಗಳ ಮೇಲೆ ಹಳದಿ ಕರೆ ಕಲ್ಲಾಗಿ ಕೂತಿತ್ತು. ಅದರ ಬುಡದಲ್ಲಿ ಒಸಡು ಊದಿ, ಕಪ್ಪುಗೆಂಪಾಗಿ, ಒತ್ತಿದಲ್ಲಿ ಕೀವು.

"ವಸಡು ಕೊಳತಾವು. ನೀರು ತಾಕಿದ್ರೂ ಜೀವ ಹೋದಂಗ ಆಗತೈತಿ, ಅದಕ್ಕ ಓಡತೈತಿ," ಅಂದು ಡಾಕ್ಟರು ಕಾಕಾನ ಕಡೆ ತಿರುಗಿದರು. "ಗೌಡ್ರ, ಎತ್ತು ಕೊಳ್ಳಾಕ ಹೋದ್ರ ಮದಲ ಏನು ನೋಡ್ತೀರಿ?"

"ಹಲ್ಲು."

"ನೀ ಏನು ನೋಡ್ತಿ ಯವ್ವಾ, ಟಗರು ಕೊಳ್ಳುಮುಂದ?"

"ಹಲ್ಲರೀ."

"ಮತ್ತ ಈಕಿ ಬಾಯಾಗ ಎಂದರ ಇಣಿಕಿ ನೋಡೀರೇನು?"

ಮಾಳವ್ವ ಸೆರಗಿನಿಂದ ನಾಯಿಯ ಜೊಲ್ಲು ಒರೆಸಿದಳು.

ನಾಲ್ಕು ಹಲ್ಲು ಅಲ್ಲಾಡುತ್ತಿದ್ದವು, ಕೀಳಲೇಬೇಕಿತ್ತು. ಮಂಪರಿನ ಸೂಜಿ ಡಾಕ್ಟರ ಚೀಲದಲ್ಲಿ ಇರಲಿಲ್ಲ. ಬಾಯಿ ಕಟ್ಟಿದರೆ ಹಲ್ಲು ಸಿಗುವುದಿಲ್ಲ. ಮಾಳವ್ವ ಕೆಂಚಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ದವಡೆಯ ನಡುವೆ ತನ್ನ ಬೆರಳು ಕೊಟ್ಟಳು. "ಸುಮ್ನಿರ ನನ್ನವ್ವ, ಸುಮ್ನಿರ," ಅನ್ನುತ್ತಲೇ ಇದ್ದಳು. ಇಕ್ಕಳ ಒಳಗೆ ಹೋಯಿತು. ನಾಯಿಯ ಮೈಯೆಲ್ಲ ಗಡಗಡ ನಡುಗಿತು. ಹಿಂಗಾಲು ಮಣ್ಣು ಕೆರೆದವು. ಗಂಟಲಿನಿಂದ ಬಂದ ಆ ನರಳಾಟ ಮನುಷ್ಯರದ್ದೇ ಇರಬೇಕು ಅನ್ನಿಸುವಂತಿತ್ತು. ಒಂದು, ಎರಡು, ಮೂರು, ನಾಲ್ಕು. ಒಮ್ಮೆ ಕಚ್ಚಿದ್ದರೆ ಆ ಬೆರಳುಗಳು ಉಳಿಯುತ್ತಿರಲಿಲ್ಲ. ಕೆಂಚಿ ಬಾಯಿ ಮುಚ್ಚಲೇ ಇಲ್ಲ. ಎಲ್ಲ ಮುಗಿದ ಮೇಲೆ ರಕ್ತ ಮೆತ್ತಿದ ಅದೇ ಬೆರಳುಗಳನ್ನು ನೆಕ್ಕಿತು. ಡಾಕ್ಟರು ಇಕ್ಕಳ ಹಿಡಿದುಕೊಂಡೇ ಅಂದರು, "ಇಂಥಾದ್ದು ನಾ ನೋಡಿಲ್ಲ ಬಿಡ್ರಿ."

ನಾನೂ ಅಂದಿನಿಂದ ಇಂದಿನವರೆಗೆ ನೋಡಿಲ್ಲ. ಅಷ್ಟು ನೋವಿನಲ್ಲೂ ಒಬ್ಬರನ್ನು ಅಷ್ಟು ನಂಬಲು ನನ್ನಿಂದ ಆದೀತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಕಾಕಾ ಬಡಿಗೆಯನ್ನು ಯಾವಾಗ ಕೆಳಗಿಟ್ಟರೋ ನಾವ್ಯಾರೂ ಗಮನಿಸಿರಲಿಲ್ಲ. ಡಾಕ್ಟರು ಉಳಿದ ಹಲ್ಲುಗಳ ಕರೆ ಕೆರೆದು, ಗುಳಿಗೆ ಕೊಟ್ಟು ಹೋದರು. ನಾಲ್ಕನೇ ದಿನ ಕೆಂಚಿ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ತಿಂದಿತು. ಆದರೆ ಮಾಳವ್ವ ಹಾಕಿದರೆ ಮಾತ್ರ. ಕಾಕಾ ಹತ್ತಿರ ಬಂದರೆ ಎದ್ದು ಹೋಗುತ್ತಿತ್ತು. ಹಿಂಡು ಹೊರಡುವ ತನಕವೂ ಹಾಗೇ.

ಆರು ತಿಂಗಳ ಮೇಲೆ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಮಾಳವ್ವ ಸಿಕ್ಕಳು. ನಾಲತವಾಡದ ಕಡೆ ಬಿಡಾರ ಹೂಡಿದ್ದರಂತೆ, ಸುಗ್ಗಿಯ ತನಕ ಅಲ್ಲೇ ಇರುವವರಂತೆ. ಹಿಂಡಿಗೆ ತೋಳ ನುಗ್ಗಿದಾಗ, ಕಚ್ಚಲು ಹಲ್ಲು ಸಾಲದ ಕೆಂಚಿ ಎದೆಯಿಂದ ಗುದ್ದಿ ಗುದ್ದಿ ಓಡಿಸಿತಂತೆ. "ಒಂದ ಮರಿನೂ ಹೋಗ್ಲಿಲ್ರಿ ಮಾಸ್ತರ," ಅಂದಳು.

ಮುಂದಿನ ಸಲ ಇಂಡಿಗೆ ಹೋದಾಗ ಕಾಕಾನಿಗೆ ಇದನ್ನು ಹೇಳಿದೆ. ಮರುದಿನ ಅವರು ಹಾಲಿನಲ್ಲಿ ರೊಟ್ಟಿ ಕಲಸಿಸಿಕೊಂಡು, ಡಬ್ಬಿ ಹಿಡಿದು ನಾಲತವಾಡದ ಕಡೆಗೆ ಬೆಳಗಿನ ಬಸ್ಸಿಗೇ ಹೊರಟುಹೋದರು. ಅದರ ಮರುದಿನ ಸಂಜೆ ತಿರುಗಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಇಷ್ಟೇ ಹೇಳಿದರು:

"ನನ್ನ ಕೈಯಾಗಿಂದು ತಿಂತು."