ತಲೆ ಕೆದರಿದ ಹುಡುಗಿಯ ವಿಡಿಯೊ ಕಾಲ್

ಮೊಮ್ಮಗಳು ಚೈತ್ರ ಹಾಡು ನೋಡುತ್ತಿದ್ದ ಮೊಬೈಲಿನಲ್ಲಿ ಇದ್ದಕ್ಕಿದ್ದಂತೆ ವಿಡಿಯೊ ಕಾಲ್ ರಿಂಗಾಯಿತು. ಅವಳು ಚೀರಿ, ಮೊಬೈಲನ್ನು ನನ್ನ ಮಡಿಲಿಗೆ ಎಸೆದು ಕಣ್ಣು ಮುಚ್ಚಿಕೊಂಡಳು. ಕಾಲ್ ಬಂದರೆ ನಾಚಿಕೊಂಡು ಅಡುಗೆಮನೆ ಸೇರುವವಳು ನಾನು. ಆದರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೆರಗು ಸರಿಮಾಡಿಕೊಂಡು ನೋಡಿದೆ. ಪರದೆಯ ಮೇಲೆ ಚಕ್ರ ಸುತ್ತಿತು, ಚಿತ್ರ ನಡುಗಿತು. ಆಮೇಲೆ ಕೂದಲು ಕೆದರಿದ, ಬಿಳಿಚಿದ ಹುಡುಗಿಯೊಬ್ಬಳು ಮಾತಾಡದೆ ನನ್ನನ್ನೇ ದಿಟ್ಟಿಸಿದಳು. ಬುಕ್ಕಾಂಬುಧಿಯ ನೆಂಟರ ಪೈಕಿ ಯಾರೋ ಇರಬೇಕು, ಪಾಪ, ಹುಷಾರಿಲ್ಲವೇನೋ ಅಂದುಕೊಂಡೆ.

“ಯಾಕವ್ವಾ ಹಿಂಗ್ ಸೊರಗಿದೀಯ? ಊಟ ಆಯ್ತಾ? ಬಾ, ಎಣ್ಣೆ ಹಚ್ಚಿ ಜಡೆ ಹಾಕ್ತೀನಿ.”

ಚೈತ್ರ ಬೆರಳ ಸಂದಿಯಿಂದ ಇಣುಕಿದಳು. “ಅಯ್ಯೋ ಅಜ್ಜಿ, ಅದು ಹಾಡಿನ ಮಧ್ಯೆ ಬರೋ ದೆವ್ವದ ಸಿನಿಮಾ ಟ್ರೇಲರ್! ಹೆದರ್ಸೋಕೆ ಕಾಲ್ ಥರ ಮಾಡಿದಾರೆ!”

“ದೆವ್ವ ಆದ್ರೇನೇ, ಬಂದೋರನ್ನ ಊಟ ಕೇಳ್ಬಾರ್ದಾ?”

ಆ ಟ್ರೇಲರನ್ನು ಮೊದಲ ಸಲ ನೋಡಿದಂದಿನಿಂದ ಹಗಲಲ್ಲೂ ಒಬ್ಬಳೇ ಹಿತ್ತಿಲಿಗೆ ಹೋಗದಿದ್ದ ಮಗು, ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅದನ್ನೇ ಮತ್ತೆ ಮತ್ತೆ ಹಾಕಿ ನೋಡಿತು.

ಈಗ ತರೀಕೆರೆಯಲ್ಲಿರುವ ಉಳಿದ ಮೊಮ್ಮಕ್ಕಳು ವಿಡಿಯೊ ಕಾಲ್ ಮಾಡಿದರೆ ನಾನು ಅಡುಗೆಮನೆಗೆ ಓಡುವುದಿಲ್ಲ. ದೆವ್ವದ ಜೊತೆಗೇ ಮಾತಾಡಿದವಳಿಗೆ ಇನ್ನೆಂಥ ನಾಚಿಕೆ? ಚೈತ್ರಳಿಂದ ಕತೆ ಕೇಳಿದ ಅವರೂ ಬೇಕೆಂದೇ ಕೂದಲನ್ನು ಮುಖಕ್ಕೆ ಇಳಿಬಿಟ್ಟುಕೊಂಡು, ನಾನು ಊಟ ಕೇಳುವವರೆಗೂ ಸುಮ್ಮನೆ ದಿಟ್ಟಿಸುತ್ತಾರೆ.