ಬೋರ್‌ವೆಲ್ ಶೆಡ್ಡಿನಿಂದ ಬಂದ ಕೂಗು

ನನ್ನ ಚಿಕ್ಕಪ್ಪ ಪ್ರಪಂಚ ಮುಳುಗುವುದಕ್ಕೂ ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದರು.

ಪಸಡೀನಾದ ಅವರ ಬೀದಿಗೆ ಕಾಡ್ಗಿಚ್ಚಿನ ಬೆಂಕಿ ಬಂದು ಹೋದ ಮೇಲಿನ ಮಾತಿದು. ಅವರ ಮನೆ ಉಳಿಯಿತು. ಎದುರು ಸಾಲಿನ ಮನೆಗಳು ಹೋಗಿ ಇಟ್ಟಿಗೆಯ ಚಿಮಣಿಗಳಷ್ಟೇ ನಿಂತವು. ಕಾಫಿ ಹಿಡಿದು ಕಿಟಕಿ ಹತ್ತಿರ ಹೋದರೆ, ಯಾರನ್ನೋ ಕೇಳಿಕೊಂಡು ಬಂದು ಬಾಗಿಲು ಬಡಿಯಲು ಸಂಕೋಚಪಟ್ಟು ನಿಂತವರ ಹಾಗೆ ಕಾಣುತ್ತಿದ್ದವು. ಹೊಗೆಯಿಂದ ಚಿಕ್ಕಮ್ಮನಿಗೆ ಉಬ್ಬಸ ಹಿಡಿಯಿತು. ಚಿಕ್ಕಪ್ಪನಿಗೆ ಹಿಡಿದದ್ದಕ್ಕೆ ಯಾವ ಡಾಕ್ಟರೂ ಹೆಸರು ಹೇಳಲಿಲ್ಲ. ಶೂ ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದರು. ಕಾರಿನ ಮೂತಿಯನ್ನು ಬೀದಿಯ ಕಡೆ ಮಾಡಿಯೇ ನಿಲ್ಲಿಸುತ್ತಿದ್ದರು.

ನಾನಿದ್ದದ್ದು ದಕ್ಷಿಣಕ್ಕೆ, ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ, ಇನ್ನೊಬ್ಬರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ. ವಾರಾಂತ್ಯ ಇವರಲ್ಲಿಗೆ ಬಂದು, ತಿಂದು, ತಿನ್ನಿಸಿದವರನ್ನೇ ಅಣಕಿಸಿ ಹೋಗುವುದು ನನ್ನ ಕಸುಬು. ಆಫೀಸಿನ ಮ್ಯಾನೇಜರ್, ದೇವಸ್ಥಾನದ ಪುರೋಹಿತರು, ಬಾಡಿಗೆಮನೆಯ ಆಂಟಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು. ಒಮ್ಮೆ ಊಟದ ನಡುವೆ, ಬೆಂಕಿ ಬಂದ ದಿನ ಮನೆ ಬಿಟ್ಟು ಹೊರಡಿ ಎಂದು ಫೋನು ಅರಚಿತ್ತಲ್ಲ, ಆ ಸದ್ದನ್ನು ಮಾಡಿ ತೋರಿಸಿದೆ. ಚಿಕ್ಕಪ್ಪನ ಕೈಯಿಂದ ಸಾರಿನ ಬಟ್ಟಲು ಬಿತ್ತು. ನಾನು ನಕ್ಕೆ. ನಕ್ಕವನು ನಾನೊಬ್ಬನೇ.

ಪಸಡೀನಾ ಬಿಟ್ಟು ಹೋಗಲು ಚಿಕ್ಕಪ್ಪ ಆರಿಸಿಕೊಂಡದ್ದು ಉತ್ತರದ ಒಂದು ಕರಾವಳಿ ಕೌಂಟಿ. ಜನ ಕಡಿಮೆ, ದನ ಹೆಚ್ಚು, ಮಂಜು ಎಲ್ಲಕ್ಕಿಂತ ಹೆಚ್ಚು. ಅಲ್ಲಿ ಹತ್ತು ಎಕರೆ, ಒಂದು ಮರದ ಮನೆ ಮಾರಾಟಕ್ಕಿತ್ತು. ಪಸಡೀನಾದ ಮನೆ ಮಾರಿ ಅಲ್ಲಿಗೆ ಹೋಗಿ, ತಾವೇ ಬೆಳೆದು, ತಾವೇ ನೀರೆತ್ತಿ, ತಾವೇ ಕರೆಂಟು ಮಾಡಿಕೊಂಡು, ಏನು ಬಂದರೂ ಯಾರ ಹಂಗಿಲ್ಲದೆ ಇಬ್ಬರೂ ಬದುಕುವುದು ಎಂಬುದು ಯೋಜನೆ. ಶೀಟಿನಲ್ಲಿ ನೀರು, ಮಣ್ಣು, ಬಿಸಿಲು, ಸುನಾಮಿಗೆ ಎಟುಕದ ಎತ್ತರ, ಒಂದೊಂದಕ್ಕೂ ಹತ್ತರಲ್ಲಿ ಅಂಕ. ನೆರೆಹೊರೆ ಎಷ್ಟು ದೂರವೋ ಅಷ್ಟು ಹೆಚ್ಚು ಅಂಕ. ವಾಸ್ತುವಿಗೂ ಒಂದು ಸಾಲಿತ್ತು, ಯಾರಿಗೂ ಕಾಣದಂತೆ ಅದನ್ನು ಹೈಡ್ ಮಾಡಿದ್ದರು.

ಜಾಗ ನೋಡಲು ಮೂವರೂ ಹೊರಟೆವು, ಡ್ರೈವ್ ಮಾಡಲು ನಾನು. ದಾರಿಯುದ್ದಕ್ಕೂ ಪಾಠ.

"ಕರೆಂಟ್ ಪೂರ್ತಿ ಹೋಯ್ತು ಅಂತಿಟ್ಕೋ," ಎಂದರು ಚಿಕ್ಕಪ್ಪ.

"ಬಿಡ್ತು ಅನ್ನಿ," ಹಿಂದಿನ ಸೀಟಿನಿಂದ ಚಿಕ್ಕಮ್ಮ.

"ಬಿಡ್ತು. ಅಂಗಡೀಲಿ ಒಂದು ಕಾಳು ಅಕ್ಕಿ ಇಲ್ಲ…"

"ಬಿಡ್ತು ಅನ್ನೀಂದ್ರೆ!"

"ಬಿಡ್ತು ಕಣೇ. ಜನ ದೊಣ್ಣೆ ಹಿಡ್ಕೊಂಡು ಮನೆಗೆ ನುಗ್ತಾರೆ…"

"ಚಿಕ್ಕಪ್ಪ, ಶೀಟಲ್ಲಿ ಬಿಡ್ತುಗೂ ಒಂದು ಕಾಲಮ್ ಹಾಕ್ಬಿಡಿ," ಎಂದೆ.

"ಲೋ, ಆ ದಿನ ಬಂದಾಗ ನೀನೇ ಮೊದಲು ನಮ್ಮ ಗೇಟ್ ಹತ್ರ ತಟ್ಟೆ ಹಿಡ್ಕೊಂಡು ನಿಂತಿರ್ತೀಯ, ನೋಡ್ತಿರು."

ಸುಳ್ಳಲ್ಲ.

ಮನೆ ತೋರಿಸಿದ ಏಜೆಂಟ್ ಹೆಂಗಸು ಬಹಳ ಉತ್ಸಾಹಿ. ಉಗ್ರಾಣದ ಬಾಗಿಲು ತೆರೆದಾಗ ಮಾತ್ರ ದನಿ ಇಳಿಯಿತು. ನೆಲದಿಂದ ಸೂರಿನವರೆಗೆ ಡಬ್ಬಿಗಳು, ಹುರುಳಿಕಾಯಿ, ಪೀಚ್, ಮಾಂಸ. ಪ್ರತಿಯೊಂದರ ಮೇಲೂ ಒಂದೇ ಕೈಯ ಮುದ್ದಾದ ಅಕ್ಷರದಲ್ಲಿ ಇಸವಿ. ಮೇಜಿಗೆ ಒಂದೇ ಕುರ್ಚಿ. ಹಿಂದಿನ ಯಜಮಾನ ಇಲ್ಲಿಯೇ ತೀರಿಕೊಂಡ, ನಿಯಮದ ಪ್ರಕಾರ ನಾನಿದನ್ನು ಹೇಳಲೇಬೇಕು, ಎಂದಳು. ಬೋರ್‌ವೆಲ್ ಶೆಡ್ಡಿನ ಹತ್ತಿರ ಬಿದ್ದಿದ್ದನಂತೆ. ಗ್ಯಾಸ್ ತುಂಬಿಸಲು ಬಂದವನು ನೋಡುವಷ್ಟರಲ್ಲಿ ಎಷ್ಟೋ ದಿನವಾಗಿತ್ತು.

ಎರಡು ವರ್ಷಕ್ಕಾಗುವಷ್ಟು ಊಟ ಇಟ್ಟುಕೊಂಡು ಸತ್ತವನ ಉಗ್ರಾಣದಲ್ಲಿ ನಾವು ನಾಲ್ವರೂ ನಿಂತಿದ್ದೆವು. ಯಾರನ್ನೂ ಅಣಕಿಸಬೇಕೆನಿಸಲಿಲ್ಲ. ಅವನ ದನಿ ಹೇಗಿತ್ತೋ ಎಂದು ಮಾತ್ರ ಯೋಚನೆ ಬಂತು.

ಚಿಕ್ಕಪ್ಪ ನೆರೆಹೊರೆಗೆ ಹತ್ತಕ್ಕೆ ಹತ್ತು ಬರೆದರು. ಸಂಜೆಯೊಳಗೆ ಒಪ್ಪಿಗೆ ಕಳಿಸಿದರೆ ಜಾಗ ಅವರದು.

ಅಲ್ಲಿಯವರೆಗೆ ಏನೂ ಕೇಳದಿದ್ದ ಚಿಕ್ಕಮ್ಮ ಒಂದೇ ಒಂದು ಮಾತು ಹೇಳಿದರು. "ಇಲ್ಲಿ ಫೋನ್ ಹತ್ತಲ್ಲ. ಹೊಲದಲ್ಲಿ ನಂಗೆ ಉಸಿರು ಕಟ್ಟಿದ್ರೆ ಕೂಗೋದೊಂದೇ ದಾರಿ. ಆ ಶೆಡ್ ಹತ್ರ ಹೋಗಿ ಕೂಗ್ತೀನಿ. ನಿಮಗೆ ಕೇಳಿಸ್ತು ಅಂದ್ರೆ ನಾನು ಈ ಊರಿಗೆ ಬರ್ತೀನಿ. ಇಲ್ಲಾಂದ್ರೆ ಇಲ್ಲ."

ಇಳಿಜಾರಿನಲ್ಲಿ ಅವರ ಕೆಂಪು ಸ್ವೆಟರು ಮಂಜಿನೊಳಗೆ ಇಳಿಯಿತು. ಚಿಕ್ಕಪ್ಪ ಜಗಲಿಯ ತುದಿಯಲ್ಲಿ ಕಿವಿಗೆ ಕೈ ಕೊಟ್ಟು ನಿಂತರು. ಗಾಳಿ, ಅದರ ಹಿಂದೆ ಸಮುದ್ರ. ಬೇರೇನಿಲ್ಲ.

ಚಿಕ್ಕಮ್ಮ ಗಂಡನನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಒಂದೇ ಅಕ್ಷರ, ರೀ. ಮೂವತ್ತು ವರ್ಷದ ಸಂಸಾರ ಅದರ ಏರಿಳಿತದಲ್ಲೇ ನಡೆದಿತ್ತು. ಕಾಫಿ ಆಯಿತು ಎನ್ನುವ ರೀ ಬೇರೆ, ಯಾರೋ ಬಂದಿದ್ದಾರೆ ಎನ್ನುವ ರೀ ಬೇರೆ. ಎಲ್ಲವೂ ನನಗೆ ಬಾಯಿಪಾಠ.

ನಾನು ಮನೆಯ ಪಕ್ಕದ ನೀರಿನ ಟ್ಯಾಂಕಿನ ಹಿಂದಿದ್ದೆ. ಯಾಕೆ ಹಾಗೆ ಮಾಡಿದೆನೋ. ತಮಾಷೆಗೆಂದು ಆಗ ಅಂದುಕೊಂಡಿದ್ದೆ. ಬೊಗಸೆಯನ್ನು ಬಾಯಿಗಿಟ್ಟು, ದೂರದಿಂದ ಬಂದ ಹಾಗೆ ತೆಳ್ಳಗೆ ಎಳೆದೆ: "ರೀ…"

"ಬಂದೇ!" ಎಂದರು ಚಿಕ್ಕಪ್ಪ. ಬೆಂಕಿ ಬಂದು ಹೋದ ಮೇಲೆ ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ನಗುತ್ತ ಹೊರಗೆ ಬರಬೇಕಿತ್ತು. ಟ್ಯಾಂಕಿನ ಹಿಂದೆಯೇ ಉಳಿದೆ.

ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಏದುಸಿರು ಬಿಡುತ್ತ ಹತ್ತಿ ಬಂದರು. ಕೈಯಲ್ಲಿ ಇನ್‌ಹೇಲರ್. "ಎಷ್ಟು ಸಲ ಕೂಗೋದು? ಗಂಟಲು ಹರೀತು."

"ಕೇಳಿಸ್ತಲ್ಲೇ! ಬಂದೆ ಅಂದೆನಲ್ಲ!"

"ಹೌದಾ? ನಂಗೇನೂ ಕೇಳಿಸ್ಲಿಲ್ಲಪ್ಪ." ಮೆಟ್ಟಿಲ ಮೇಲೆ ಕೂತು ಗಂಡನ ಮುಖ ನೋಡಿದರು. "ನಿಮಗೆ ಕೇಳಿಸಿತಲ್ಲ, ಸಾಕು. ತಗೊಳ್ಳಿ."

ಅಷ್ಟು ಸುಲಭವಾಗಿ ನಂಬಿದರು.

ಸಿಗ್ನಲ್ ಸಿಕ್ಕೊಡನೆ ಕಳಿಸಲೆಂದು ಚಿಕ್ಕಪ್ಪ ಫೋನಿನಲ್ಲಿ ಒಪ್ಪಿಗೆ ಟೈಪ್ ಮಾಡತೊಡಗಿದ್ದರು. ನಾನು ಟ್ಯಾಂಕಿನ ಹಿಂದಿನಿಂದ ಬಂದು ಹೇಳಿದೆ. "ಚಿಕ್ಕಪ್ಪ, ಅದು ನಾನು."

"ಸುಮ್ನಿರೋ ಕೋತಿ. ಮೂವತ್ತು ವರ್ಷ ಕೇಳಿದ ದನಿ ನಂಗೆ ಗೊತ್ತಾಗಲ್ವಾ?"

"ನಿಜವಾಗ್ಲೂ ನಾನೇ."

"ಹಾಗಾದ್ರೆ ಮಾಡು ನೋಡಣ."

ಮಾಡಬಾರದಿತ್ತು. ಮಾಡದೆ ಬೇರೆ ದಾರಿಯೂ ಇರಲಿಲ್ಲ. ಚಿಕ್ಕಪ್ಪ ಹೆಂಡತಿಯ ಮುಚ್ಚಿದ ತುಟಿಗಳನ್ನೇ ನೋಡುತ್ತಿದ್ದರು. ಆ ರೀ ನನ್ನ ಬಾಯಿಂದ ಬಂತು. ಚಿಕ್ಕಮ್ಮನ ಕೈ ತಾನಾಗಿ ತನ್ನ ಗಂಟಲಿಗೆ ಹೋಯಿತು, ಅಲ್ಲಿಂದ ಏನಾದರೂ ಕಳುವಾಗಿದೆಯೋ ಎಂಬಂತೆ.

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಚಿಕ್ಕಪ್ಪ ಇಳಿಜಾರಿನ ಕಡೆ ತಿರುಗಿದರು. "ಅವಳು ಅಲ್ಲಿ ಅಷ್ಟು ಕೂಗಿದಾಳೆ," ಎಂದರು. "ನಾನಿಲ್ಲಿ ನೆಮ್ಮದಿಯಾಗಿದ್ದೆ." ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು.

ಈಗಲೂ ಅವರು ಪಸಡೀನಾದಲ್ಲೇ ಇದ್ದಾರೆ. ಚಿಕ್ಕಮ್ಮ ಅಡುಗೆಮನೆಯಿಂದ ಕರೆದರೆ ಚಿಕ್ಕಪ್ಪ ಕೂತಲ್ಲಿಂದ ಓಗೊಡುವುದನ್ನು ಬಿಟ್ಟಿದ್ದಾರೆ. ಎದ್ದು ಹೋಗಿ, ಬಾಗಿಲಲ್ಲಿ ನಿಂತು, ಕರೆದದ್ದು ಅವರೇ ಹೌದೆಂದು ಮುಖ ನೋಡಿದ ಮೇಲೆ "ಏನೇ?" ಎನ್ನುತ್ತಾರೆ. ಗಂಡನಿಗೆ ಈಚೆಗೆ ತನ್ನ ಮೇಲೆ ಅಕ್ಕರೆ ಹೆಚ್ಚಿದೆ ಎಂದು ಚಿಕ್ಕಮ್ಮ ನನ್ನೆದುರೇ ಹೇಳಿಕೊಳ್ಳುತ್ತಾರೆ. ನಾನು ತಟ್ಟೆ ನೋಡಿಕೊಂಡು ಊಟ ಮಾಡುತ್ತೇನೆ.