ಅತ್ತೆಯ ತೌಡಿನ ಡಬ್ಬಿ

ನನ್ನ ತಂಗಿಯ ಕೈಯನ್ನು ಅವಳ ಜಪಾನಿ ಅತ್ತೆ ನನ್ನೆದುರೇ ಮೂಸಿ ನೋಡಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಂಗಿಯ ಹೆಸರು ಇಂದು. ನನ್ನ ಹಾಗೇ ದೇಶ ಬಿಟ್ಟು ಬಂದವಳು, ಇಲ್ಲಿನ ಬೆಡೋಕ್‌ನಲ್ಲಿ ಬಟ್ಟೆ ಆಲ್ಟರೇಷನ್ ಅಂಗಡಿ ಇಟ್ಟಿದ್ದಾಳೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಕೆಂಜಿ, ಉದ್ದ ಸರಿಯಾದ ಮೇಲೂ ಬರುತ್ತಲೇ ಇದ್ದ. ಮದುವೆಯಾಯಿತು. ಅಂಟು ಅನ್ನ, ಕಡ್ಡಿಯಲ್ಲಿ ಊಟ ಎಲ್ಲವನ್ನೂ ಇಂದು ಬೇಗ ಕಲಿತಳು. ಮಿಸೊ ಸಾರಿಗೆ ಕರಿಬೇವು ಹಾಕುವುದನ್ನು ಮಾತ್ರ ಬಿಡಲಿಲ್ಲ. ಪಾಪ, ಕೆಂಜಿ ಎಲೆಗಳನ್ನು ಬಟ್ಟಲಿನ ಅಂಚಿಗೆ ಒತ್ತರಿಸಿ ಕುಡಿಯುತ್ತಾನೆ.

ಅತ್ತೆ ಸೆತ್ಸುಕೊ ಜಪಾನಿನಿಂದ ಮೊದಲ ಸಲ ಬಂದಾಗ ಒಂದು ಡಬ್ಬಿ ತಂದರು. ಒಳಗೆ ಒದ್ದೆ ತೌಡು. ನಮ್ಮ ಕಡೆ ಎಮ್ಮೆಗೆ ಹಾಕುವ ಅದೇ ಅಕ್ಕಿ ತೌಡು! ಉಪ್ಪು ಬೆರೆಸಿ ಹುಳಿ ಬರಿಸಿದ್ದು. ಅದರಲ್ಲಿ ಸೌತೆ, ಮೂಲಂಗಿ ಹೂತಿಟ್ಟರೆ ಮರುದಿನ ಉಪ್ಪಿನಕಾಯಿ. ಆಕೆಯ ತಾಯಿ ಶುರುಮಾಡಿದ ತೌಡಂತೆ, ಇನ್ನೂ ಜೀವಂತ. "ಇನ್ನು ಇದು ನಿನ್ನದು" ಎಂದು ಸೊಸೆಗೆ ಕೊಟ್ಟು ಹೋದರು. ಆ ಮನೆ ತನ್ನನ್ನು ಒಪ್ಪಿದ್ದಕ್ಕೆ ಇಂದುವಿಗೆ ಅದೊಂದೇ ಗುರುತು.

ಅದಕ್ಕೇ ಅವಳು ಅದನ್ನು, ನಮ್ಮಮ್ಮ ಉಪ್ಪಿನಕಾಯಿ ಜಾಡಿ ಕಾಯ್ದ ಹಾಗೆ, ಕಾಯ್ದಳು. ಒಣ ಚಮಚ, ಬಾಯಿಗೆ ಬಟ್ಟೆ, ಮೇಲೆ ಬಿಗಿ ಮುಚ್ಚಳ. ದಿನಾ ಕೈ ಹಾಕಿ ಕಲಸಬೇಕು ಎಂದು ಕೆಂಜಿ ಹೇಳಿದರೆ, "ಉಪ್ಪಿನಕಾಯಿಗೆ ಯಾರಾದ್ರೂ ಕೈ ಹಾಕ್ತಾರಾ? ಗಂಡಸ್ರಿಗೇನು ಗೊತ್ತು!" ಎಂದಳು.

ಅತ್ತೆ ಮತ್ತೆ ಬರುವ ಹಿಂದಿನ ದಿನ ನನಗೆ ಫೋನು.

"ಅಣ್ಣಾ, ಡಬ್ಬಿ ಓಪನ್ ಮಾಡಿದ್ರೆ ಪೇಂಟ್ ಥರ ಸ್ಮೆಲ್ಲು. ಮೇಲೆಲ್ಲಾ ಬೂಷ್ಟು. ಅವ್ರಿಗೆ ಏನಂತ ಹೇಳ್ಲಿ?"

"ಎಸ್ದು ಹೊಸ ತೌಡು ಕಲ್ಸು. ತೌಡಿನ ಮೇಲೆ ಹೆಸ್ರು ಬರ್ದಿರುತ್ತಾ?"

"ನಿಂಗೆ ಅರ್ಥ ಆಗಲ್ಲ, ಬಿಡು," ಎಂದು ಅತ್ತಳು.

ಮರುದಿನ ಹೋಟೆಲಿನ ಒಗ್ಗರಣೆ ಬಾಣಲೆ ಬಿಟ್ಟು ನಾನೂ ಹೋದೆ. ಮುದುಕಿ ಮುಚ್ಚಳ ತೆಗೆದರು. ಇಂದುವಿನ ಬಲಗೈ ಹಿಡಿದು ಮೂಸಿದರು.

ನನಗೆ ಪಿತ್ತ ನೆತ್ತಿಗೇರಿತು. "ನನ್ ತಂಗಿ ಕೈ ಮೂಸಕ್ಕೆ ಇವ್ರೇನು ಪೊಲೀಸ್ ನಾಯೀನಾ?"

ಪುಣ್ಯಕ್ಕೆ ಇಂದು ಅದನ್ನು ಜಪಾನಿಗೆ ತಿರುಗಿಸಲಿಲ್ಲ. ಮುದುಕಿ ಹೆದರಲೂ ಇಲ್ಲ. ನನ್ನ ಕೈಯನ್ನೂ ಎಳೆದು ಮೂಸಿ, ಜೋರಾಗಿ ಸೀನಿ, ಏನೋ ಅಂದರು.

"ಇಂಗಿನ ಘಾಟು, ಅಣ್ಣಾ. ಇದು ಅಡುಗೆಯವ್ರ ಕೈ ಅಂತಿದಾರೆ. ನನ್ ಕೈ ಬರೀ ಸೋಪಂತೆ. ತೌಡು ಕಲ್ಸಿದ್ರೆ ತೌಡಿನ ವಾಸ್ನೆ ಇರ್ಬೇಕಿತ್ತಂತೆ."

ಆಮೇಲೆ ಮೇಲಿನ ಬೂಷ್ಟನ್ನು ದಪ್ಪಗೆ ಕೆರೆದು ತೆಗೆದರು. ತಳದಲ್ಲಿ ಇನ್ನೂ ಹುಳಿಯ ಒಳ್ಳೆಯ ವಾಸನೆ ಇತ್ತು. ಹೊಸ ತೌಡು, ಉಪ್ಪು ಸೇರಿಸಿ ಇಂದುವಿನ ಕೈಯನ್ನು ಮಣಿಕಟ್ಟಿನವರೆಗೂ ಒಳಗೆ ಒತ್ತಿದರು.

"ನಾನು ಮುಟ್ಲಿಲ್ಲ ಅಂತ ಇದಕ್ಕೆ ಕೋಪ ಅಂತೆ," ಎಂದು ಇಂದು ನಕ್ಕಳು, ಮೂಗು ಸೇದುತ್ತಾ.

ಊರಿಗೆ ಹೊರಡುವ ಮುನ್ನ ಮುದುಕಿ ನನಗೂ ಒಂದು ನೀಲಿ ಡಬ್ಬಿ ತುಂಬಾ ಸೌತೆ ಉಪ್ಪಿನಕಾಯಿ ಕೊಟ್ಟರು. ಮೊಸರನ್ನಕ್ಕೆ ಏನು ಹೊಂದಿಕೆ ಅಂತೀರಿ! ಡಬ್ಬಿಯನ್ನು ಖಾಲಿ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಮುಂದಿನ ಸಲ ಬನ್ನಿ, ಮಾವಿನ ಉಪ್ಪಿನಕಾಯಿ ತುಂಬಿ ಕೊಡ್ತೀನಿ ಅಂದೆ.

ತುಂಬಿದೆ ಕೂಡ. ಅಷ್ಟರಲ್ಲಿ ಆಕೆಗೆ ಮಂಡಿನೋವು, ಇನ್ನು ವಿಮಾನ ಹತ್ತುವುದಿಲ್ಲವಂತೆ. ಕೆಂಜಿಯ ಕೈಯಲ್ಲಿ ಕಳಿಸು ಎನ್ನುತ್ತಾಳೆ ಇಂದು. ಅದೆಲ್ಲ ಆಗುವುದಿಲ್ಲ. ಆಕೆಯೇ ಬಂದು, ನನ್ನೆದುರೇ ಮುಚ್ಚಳ ತೆಗೆದು ಮೂಸಬೇಕು.

ಡಬ್ಬಿ ಇನ್ನೂ ನನ್ನ ಕಪಾಟಿನಲ್ಲೇ ಇದೆ.